ಎಚ್ಚರವಿರುವ ರೋಗಿಯನ್ನು ಮೇಜಿನ ಮೇಲೇ ಕೂರಿಸಿ ಮಾಡುವ ಗೈನಕೊಮಾಸ್ಟಿಯಾ: ನನ್ನ ಅನುಭವ

ಗೈನಕೊಮಾಸ್ಟಿಯಾ ಅಂದರೆ ಗಂಡಸರಲ್ಲಿ ಉಬ್ಬಿದ ಎದೆ. ಆ ಗ್ರಂಥಿ ತೆಗೆಯಲು ಪೂರ್ತಿ ಅರಿವಳಿಕೆ ಬೇಕೇ ಬೇಕು ಎಂದು ನನಗೆ ಬುದ್ಧಿ ಹೇಳದವರಿಲ್ಲ. ಕೊಬ್ಬಾದರೆ ಟ್ಯೂಮೆಸೆಂಟ್ ದ್ರಾವಣ (ಮರಗಟ್ಟಿಸುವ ಲಿಡೊಕೇನ್, ರಕ್ತನಾಳ ಬಿಗಿಸುವ ಅಡ್ರಿನಲಿನ್ ಬೆರೆಸಿದ ಉಪ್ಪುನೀರು) ತುಂಬಿ ಹೀರಬಹುದು (ಲೈಪೊಸಕ್ಷನ್), ಆದರೆ ತೊಟ್ಟಿನ ಅಡಿಯ ಗಟ್ಟಿ ಗ್ರಂಥಿಗೆ ಕತ್ತರಿ ತಾಗಿದ ಕೂಡಲೇ ಹುಡುಗ ಮೇಜಿನಿಂದ ಜಿಗಿಯುತ್ತಾನೆ ಅನ್ನುವುದು ಅರಿವಳಿಕೆ ತಜ್ಞರ ವಾದ. ಒಬ್ಬರಂತೂ ಮುಖದ ಮೇಲೇ ನಕ್ಕಿದ್ದರು. ಈಗ ಎದೆಯ ಉಬ್ಬು, ಚರ್ಮದ ಸಡಿಲ ನೋಡಿ ದರ್ಜೆ ಕೊಡುವ ಸೈಮನ್ ವರ್ಗೀಕರಣದ ಒಂದು ಮತ್ತು ಎರಡು-ಎ ಪೂರ್ತಿಯಾಗಿ, ಎರಡು-ಬಿಯಲ್ಲಿ ಚರ್ಮ ಗಟ್ಟಿಯಾಗಿರುವವರನ್ನು ಆರಿಸಿಕೊಂಡು, ಸ್ಥಳೀಯ ಅರಿವಳಿಕೆಯಲ್ಲೇ ಮುಗಿಸುತ್ತಿದ್ದೇನೆ. ಸಂಜೆಗೆ ಮನೆ. ಅಂದು ನಕ್ಕವರೇ ಈಗ ತಮ್ಮ ಸಂಬಂಧಿಕರ ಹುಡುಗನನ್ನು ನನ್ನ ಬಳಿ ಕಳಿಸಿದ್ದಾರೆ.

ಇಷ್ಟು ಹಟ ಹಿಡಿಯಲು ಕಾರಣ ದುಡ್ಡಲ್ಲ, ಆಕಾರ. ಮಲಗಿದ ಎದೆ ಸುಳ್ಳು ಹೇಳುತ್ತದೆ. ಮೇಜಿನ ಮೇಲೆ ಚಪ್ಪಟೆಯಾಗಿ ಕಂಡದ್ದು, ಎದ್ದು ನಿಂತಾಗ ಕೆಳ ಅಂಚಿನಲ್ಲಿ ಚೀಲ ಬಿಟ್ಟಿರುತ್ತದೆ. ರೋಗಿ ಎಚ್ಚರವಿದ್ದರೆ ಅರ್ಧದಲ್ಲಿ ನಿಧಾನವಾಗಿ ಎಬ್ಬಿಸಿ ಕೂರಿಸಿ, ಎರಡೂ ಕೈ ಸೊಂಟಕ್ಕೆ ಒತ್ತಿ ಎದೆಯ ಪೆಕ್ಟೊರಾಲಿಸ್ ಸ್ನಾಯು ಬಿಗಿ ಹಿಡಿಯಲು ಹೇಳುತ್ತೇನೆ. ಎಲ್ಲಿ ಉಳಿದಿದೆ, ಎಲ್ಲಿ ಜಾಸ್ತಿ ತೆಗೆದಾಗಿದೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಸಮನಾದ ಯಂತ್ರ ಇನ್ನೂ ಬಂದಿಲ್ಲ. ದಡಬಡ ಎಬ್ಬಿಸಿದರೆ ಮಾತ್ರ ತಲೆ ಸುತ್ತಿ ಬೀಳುತ್ತಾರೆ. ತಲೆಯ ಭಾಗವನ್ನು ಮೂರು ನಾಲ್ಕು ಹಂತದಲ್ಲಿ ಏರಿಸಬೇಕು, ಐವಿ ಲೈನ್ ಓಡುತ್ತಿರಬೇಕು.

ಯಾರಿಗೆ ಮಾಡಬೇಕು ಎನ್ನುವುದು ಸರ್ಜನ್ನರಾದ ನಿಮಗೆ ಗೊತ್ತೇ ಇದೆ. ಹದಿಹರೆಯದವರನ್ನು ಕಾಯಿಸಿ, ಬಹುಪಾಲು ತಾನಾಗಿ ಇಳಿಯುತ್ತದೆ. ಸ್ಪೈರೊನೊಲ್ಯಾಕ್ಟೋನ್ ಮಾತ್ರೆ, ಜಿಮ್‌ನ ಸ್ಟೆರಾಯ್ಡ್ ಸೂಜಿಗಳು, ಎದೆ ಉಬ್ಬಿಸಬಲ್ಲ ಇವನ್ನು ಕೆದಕಿ ಕೇಳಿ. ವೃಷಣದಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ನೋಡದೆ ಯಾರನ್ನೂ ಮೇಜಿಗೆ ಏರಿಸಬೇಡಿ. ನೋವಿರುವ ಹೊಸ ಗ್ರಂಥಿಗೆ ಟ್ಯಾಮಾಕ್ಸಿಫೆನ್ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ವರ್ಷ ದಾಟಿ ನಾರುಗಟ್ಟಿದ ಮೇಲೆ ಮಾತ್ರೆ ಬರೆಯುವುದು ಸುಮ್ಮನೆ ಕಾಲಹರಣ.

ಮೊದಮೊದಲ ಕೇಸುಗಳಲ್ಲಿ ತಜ್ಞರ ಮಾತೇ ನಿಜವಾಯಿತು. ಸುತ್ತಲಿನ ಕೊಬ್ಬು ಮರಗಟ್ಟಿತ್ತು. ಏರಿಯೋಲಾದ (ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ) ಅಡಿಗೆ ಕತ್ತರಿ ಹೋದೊಡನೆ ಹಲ್ಲು ಕಚ್ಚಿದರು. ಇಬ್ಬರು ಮೂವರಿಗೆ ನಡುವೆಯೇ ಪೂರ್ತಿ ಅರಿವಳಿಕೆಗೆ ಹೊರಳಬೇಕಾಯಿತು. ಹೆಚ್ಚಿನ ಖರ್ಚನ್ನು ರೋಗಿಗೆ ಹಾಕಲು ಮನಸ್ಸಾಗದೆ ನಾನೇ ನುಂಗಿದೆ. ಸಮಸ್ಯೆ ಇಷ್ಟೇ: ದ್ರಾವಣ ಕೊಬ್ಬಿನೊಳಗೆ ಸಲೀಸಾಗಿ ಹರಡುತ್ತದೆ, ನಾರಿನ ಗ್ರಂಥಿಯೊಳಗೆ ಹೋಗುವುದೇ ಇಲ್ಲ. ಹಾಗಾಗಿ ಕ್ರಮ ತಿರುಗಿಸಿದೆ. ಮೊದಲು ಕಂಕುಳಿನ ಮುಂಗೆರೆಯಲ್ಲಿ ನಾಲ್ಕನೇ ಇಂಟರ್‌ಕಾಸ್ಟಲ್ ನರದ (ಪಕ್ಕೆಲುಬುಗಳ ನಡುವಿನ ನರ) ಪಾರ್ಶ್ವ ಶಾಖೆಗೆ ಸೂಜಿ. ಆಮೇಲೆ ಗ್ರಂಥಿಯ ಹಿಂದೆ, ಸ್ನಾಯುವಿನ ಹೊದಿಕೆಯ ಮೇಲೆ ದ್ರಾವಣ ತುಂಬಿ ಗ್ರಂಥಿಯನ್ನೇ ಮೇಲೆ ತೇಲಿಸುವುದು. ಕೊನೆಗೆ ಕೊಬ್ಬು. ದ್ರಾವಣಕ್ಕೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ, ಬೆಚ್ಚಗೆ ಮಾಡಿ ಬಿಟ್ಟರೆ ಉರಿ ಕಡಿಮೆ. ಆಮೇಲೆ ಅರ್ಧ ಗಂಟೆ ಕಾಯಲೇಬೇಕು. ಈ ಕಾಯುವಿಕೆಯನ್ನು ಕದ್ದವರೇ ‘ನಮ್ಮಲ್ಲಿ ಆಗಲಿಲ್ಲ’ ಅನ್ನುವುದು.

ಲಿಡೊಕೇನ್ ಲೆಕ್ಕ ಜೋಪಾನ. ಲೈಪೊಸಕ್ಷನ್‌ಗೆ ಟ್ಯೂಮೆಸೆಂಟ್ ವಿಧಾನ ರೂಪಿಸಿದ ವೈದ್ಯ ಕ್ಲೈನ್ 1990ರಲ್ಲಿ ಕೊಟ್ಟ ಮಿತಿ ದೇಹತೂಕದ ಕಿಲೋಗೆ 35 ಮಿಲಿಗ್ರಾಂ. ನಾನು ಇಪ್ಪತ್ತರ ಆಸುಪಾಸಿನಲ್ಲೇ ನಿಲ್ಲುತ್ತೇನೆ. ರಕ್ತದಲ್ಲಿ ಅದು ತುತ್ತತುದಿಗೆ ಏರುವುದು ಹನ್ನೆರಡು ಗಂಟೆಯ ಹೊತ್ತಿಗೆ, ಅಂದರೆ ಹುಡುಗ ಮನೆಯಲ್ಲಿ ಮಲಗಿರುವಾಗ. ಅದಕ್ಕೇ ಮೊದಲ ರಾತ್ರಿ ಪಕ್ಕದಲ್ಲಿ ಒಬ್ಬರು ಇರಲೇಬೇಕು. ತುಟಿ ಜೋಮು, ಕಿವಿಯಲ್ಲಿ ಗುಂಯ್ ಅಂದರೆ ಕೂಡಲೇ ಕರೆತರಬೇಕು ಎಂದು ಅವರಿಗೂ ಹೇಳಿರುತ್ತೇನೆ.

ಉಳಿದದ್ದು ಎಲ್ಲರೂ ಮಾಡುವುದೇ. ಮೂರು ಮಿಲಿಮೀಟರ್ ಕ್ಯಾನುಲಾ ಕೊಳವೆಯಿಂದ ಕೊಬ್ಬು ಹೀರಿ, ಏರಿಯೋಲಾದ ಕೆಳ ಅಂಚಿನ ಪುಟ್ಟ ಸೀಳಿನಿಂದ ಗ್ರಂಥಿಯನ್ನು ಆಲಿಸ್ ಚಿಮಟದಲ್ಲಿ ಹಿಡಿದು ಹೊರಗೆಳೆದು ತುಂಡು ತುಂಡಾಗಿ ಕತ್ತರಿಸುವುದು. ಬೆಳ್ಳಗೆ, ರಬ್ಬರಿನಂತೆ ಜಗ್ಗುತ್ತಾ ಬರುತ್ತದೆ. ಪೂರ್ತಿ ಬಳಿದು ತೆಗೆಯುವ ಚಪಲ ಬೇಡ. ತೊಟ್ಟಿನ ಅಡಿ ಸುಮಾರು ಒಂದು ಸೆಂಟಿಮೀಟರ್ ದಪ್ಪ ಬಿಡದಿದ್ದರೆ ತೊಟ್ಟು ಒಳಗೆ ಕುಸಿದು ಗುಳಿ ಬೀಳುತ್ತದೆ, ಅದನ್ನು ಸರಿಪಡಿಸುವುದು ಮೊದಲ ಆಪರೇಷನ್‌ಗಿಂತ ಕಷ್ಟ. ಸೀಳು ಇಷ್ಟು ಚಿಕ್ಕದಿದ್ದೂ ದೊಡ್ಡ ಗ್ರಂಥಿ ಹೇಗೆ ಹೊರಬರುತ್ತದೆ ಎಂದು ಕೇಳುವವರಿದ್ದಾರೆ. ಎಡಗೈ ಬೆರಳುಗಳ ಒಂದು ಹಿಡಿತವಿದೆ, ಅದು ಬರೆದು ತಿಳಿಸುವಂಥದ್ದಲ್ಲ. ಥಿಯೇಟರಿಗೆ ಬನ್ನಿ, ತೋರಿಸುತ್ತೇನೆ. ತೆಗೆದ ತುಂಡುಗಳೆಲ್ಲ ಪಥಾಲಜಿಗೆ ಹೋಗಬೇಕು, ಹುಡುಗ ಎಷ್ಟೇ ಎಳೆಯನಿದ್ದರೂ.

ನಡುವೆ ಮೂಳೆಯವರ ಆರ್ತ್ರೊಸ್ಕೋಪಿ ಶೇವರ್ (ಕೀಲಿನೊಳಗೆ ಅರೆಯುವ ಉಪಕರಣ) ಎರವಲು ತಂದು ಗ್ರಂಥಿ ಅರೆದು ನೋಡಿದೆ. ಸೊಗಸಾಗಿ ಅರೆಯುತ್ತದೆ, ಆದರೆ ತೊಟ್ಟಿನಡಿ ಎಷ್ಟು ಉಳಿಯಿತೆಂದು ಬೆರಳಿಗೆ ತಿಳಿಯುವುದಿಲ್ಲ. ಪಥಾಲಜಿಗೆ ಕಳಿಸಿದ್ದೂ ಬರೀ ಹಿಟ್ಟು. ವಾಪಸ್ ಕೊಟ್ಟೆ. ಅಲ್ಟ್ರಾಸೌಂಡ್ ಲೈಪೊಸಕ್ಷನ್ ಯಂತ್ರದ ಕಂತು ಕಟ್ಟುತ್ತಾ ಎರಡು ವರ್ಷ ಕಳೆದೆ. ನಾರು ಹೆಚ್ಚಿರುವ ಎದೆಗೆ ಅನುಕೂಲ ನಿಜ, ಆದರೆ ಆ ಕಂತು ತುಂಬಿಸಲೆಂದೇ ಬೇಡದವರಿಗೂ ಬಳಸಬೇಕೆನಿಸುತ್ತದೆ. ಮಾರಿದ ಮೇಲೆ ನಿದ್ದೆ ಬಂತು. ಒಪ್ಪಿಗೆ ಪಡೆದು ಕೆಲವರಿಗೆ ಒಂದು ಬದಿಗೆ ಡ್ರೈನ್ (ರಸ ಬಸಿಯುವ ಕೊಳವೆ) ಇಟ್ಟು ಇನ್ನೊಂದು ಬದಿಗೆ ಬಿಟ್ಟು ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ, ಈಗ ಯಾರಿಗೂ ಇಡುವುದಿಲ್ಲ.

ದ್ರಾವಣದ ಅಡ್ರಿನಲಿನ್ ಪ್ರಭಾವ ಇಳಿದು ರಕ್ತನಾಳ ಮತ್ತೆ ತೆರೆಯುವ ಹೊತ್ತು ಬೇರೆಯೇ ಕಥೆ. ಒಬ್ಬ ರಾತ್ರಿಯೇ ಒಂದು ಬದಿ ಕಲ್ಲಾಗಿ ಊದಿಕೊಂಡು ಬಂದ. ತೆರೆದಾಗ ಎದೆಮೂಳೆಯ ಪಕ್ಕದ ಪರ್ಫೊರೇಟರ್ ರಕ್ತನಾಳ ಚಿಮ್ಮುತ್ತಿತ್ತು. ಅಂದಿನಿಂದ ಕಣ್ಣಿಗೆ ಒಣಗಿ ಕಂಡರೂ ಆ ಕಡೆಯನ್ನು ಕಾಟರಿಯಲ್ಲಿ ಒಮ್ಮೆ ಸುಟ್ಟೇ ಮುಚ್ಚುತ್ತೇನೆ.

ಖರ್ಚಿನ ಮಾತು. ಅರಿವಳಿಕೆ ಯಂತ್ರ, ರಾತ್ರಿಯ ಹಾಸಿಗೆ ಎರಡೂ ತಪ್ಪಿ ಬಿಲ್ ಅಂದಾಜು ಮೂರನೇ ಒಂದಂಶ ಇಳಿಯಿತು. ವಿಮೆಯವರು ‘ಸೌಂದರ್ಯ ಚಿಕಿತ್ಸೆ’ ಎಂದು ಬಹುಪಾಲು ಕೈ ಎತ್ತುತ್ತಾರೆ, ಆದ್ದರಿಂದ ಇಳಿದದ್ದೆಲ್ಲ ನೇರ ರೋಗಿಯ ಜೇಬಿಗೆ. ಎದೆ ಬಿಗಿಹಿಡಿಯುವ ಕಂಪ್ರೆಶನ್ ವೆಸ್ಟ್ ಬಿಲ್ಲಿನಲ್ಲೇ ಸೇರಿಸಿ ಎರಡು ಕೊಡುತ್ತೇನೆ. ಮುಂಚೆ ಬೇರೆಯಾಗಿ ಕೊಳ್ಳಲು ಹೇಳುತ್ತಿದ್ದಾಗ ಒಂದೇ ಕೊಂಡು, ಒಗೆದ ದಿನ ಬರಿ ಮೈಯಲ್ಲಿ ಇರುತ್ತಿದ್ದರು, ಮಾರನೆಯ ವಾರ ನೀರು ತುಂಬಿಕೊಂಡು ಬರುತ್ತಿದ್ದರು. ಎರಡನೆಯ ವೆಸ್ಟ್‌ನ ಬೆಲೆ ಸಿರಿಂಜಿನಲ್ಲಿ ಆ ನೀರು (ಸಿರೋಮಾ) ಎಳೆಯುವ ಒಂದು ಭೇಟಿಗಿಂತ ಅಗ್ಗ. ಆರು ವಾರ ಹಾಕಿಸುತ್ತೇನೆ.

ಮೂರನೇ ದರ್ಜೆ, ಅಂದರೆ ಚರ್ಮ ಜೋತಾಡುವವರನ್ನು ಈ ವಿಧಾನಕ್ಕೆ ಎಳೆಯಬೇಡಿ. ಅವರಿಗೆ ಚರ್ಮವನ್ನೂ ಕತ್ತರಿಸಬೇಕು, ಪೂರ್ತಿ ಅರಿವಳಿಕೆಯೇ ಸರಿ. ಗಾಬರಿಯ ಸ್ವಭಾವದವರನ್ನೂ ಬಿಟ್ಟುಬಿಡಿ. ಓಪಿಡಿಯಲ್ಲಿ ಎದೆ ಮುಟ್ಟಲು ಕೈ ಚಾಚಿದಾಗ ಹಿಂದೆ ಸರಿಯುವವನು ಮೇಜಿನ ಮೇಲೆ ಸುಮ್ಮನೆ ಮಲಗುವುದಿಲ್ಲ.