ಪೂಡಲ್ ಮಿಶ್ರ ಮರಿ ಕೊಳ್ಳುವಾಗ ಮೊದಲು ಮೀಸೆ ನೋಡಿ

ಹುಬ್ಬಳ್ಳಿ-ಧಾರವಾಡದ ಕಡೆ ಪೂಡಲ್ (ಕೂದಲು ಕಡಿಮೆ ಉದುರುವ, ಗುಂಗುರುಗೂದಲಿನ ನಾಯಿ ಜಾತಿ) ಮಿಶ್ರ ಮರಿ ಕೇಳಿದರೆ ಮಾರುವವರ ಮೊದಲ ಮಾತು ‘ಕೂದಲು ಉದುರಂಗಿಲ್ಲರೀ’. ಒಪ್ಪಿಕೊಳ್ಳುವ ಮುಂಚೆ ಜೊತೆಗೆ ಯಾವ ಜಾತಿ ಸೇರಿದೆ, ಎಷ್ಟನೇ ತಲೆಮಾರು ಎಂದು ಕೇಳಿ. ಅರ್ಧ ಪೂಡಲ್ ಆದರೆ ಅರ್ಧ ಉದುರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಾಯಿಯ ಕೂದಲಿನ ರೂಪ ಬಹುಮಟ್ಟಿಗೆ ಮೂರು ಜೀನ್‌ಗಳ ಆಟ ಎಂದು 2009ರಲ್ಲಿ ಗೊತ್ತಾಯಿತು. ಎಫ್‌ಜಿಎಫ್5 ಉದ್ದವನ್ನು ನೋಡಿಕೊಳ್ಳುತ್ತದೆ. ಮರಿಗೆ ಯಾವುದೇ ಜೀನ್‌ನ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು; ಉದ್ದಗೂದಲು ಬರಲು ಆ ಎರಡೂ ಉದ್ದಗೂದಲಿನವೇ ಆಗಿರಬೇಕು. ಕೆಆರ್‌ಟಿ71 ಗುಂಗುರಿನದು: ಒಂದು ಪ್ರತಿಗೆ ಅಲೆಅಲೆ, ಎರಡಕ್ಕೆ ಪೂರ್ತಿ ಗುಂಗುರು. ಆರ್‌ಎಸ್‌ಪಿಒ2 ಮೀಸೆ, ಗಡ್ಡ, ದಟ್ಟ ಹುಬ್ಬು ಕೊಡುತ್ತದೆ, ಅದಕ್ಕೆ ಒಂದೇ ಪ್ರತಿ ಸಾಕು. ಉದುರುವ ವಿಷಯದಲ್ಲಿ ಈ ಮೀಸೆ ಜೀನ್ ಮತ್ತು ಎಂಸಿ5ಆರ್ ಎಂಬ ಇನ್ನೊಂದು ಜೀನ್ ಮುಖ್ಯ. ಗುಂಗುರಿಗೆ ಅಲ್ಲಿ ದೊಡ್ಡ ಪಾತ್ರವಿಲ್ಲ. ಉದುರಿದ ಕೂದಲನ್ನು ಅದು ನೆಲಕ್ಕೆ ಬೀಳಲು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ನಾವು ಉದುರುವುದಿಲ್ಲ ಅಂದುಕೊಳ್ಳುತ್ತೇವೆ.

ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿದ ಮೊದಲ ತಲೆಮಾರಿನ, ಅಂದರೆ ಎಫ್1 ಮರಿಗಳಿಗೆಲ್ಲ ಮೀಸೆ ಬರುತ್ತದೆ, ಕೂದಲು ಸಾಮಾನ್ಯವಾಗಿ ಅಲೆಅಲೆ, ಸ್ವಲ್ಪ ಉದುರುತ್ತದೆ. ತೊಂದರೆ ಶುರುವಾಗುವುದು ಎರಡು ಎಫ್1 ನಾಯಿಗಳನ್ನೇ ಕೂಡಿಸಿದಾಗ. ನಾಲ್ಕರಲ್ಲಿ ಒಂದು ಮರಿಗೆ ಮೀಸೆ ಜೀನ್ ಸಿಗದಿರುವ ಸಾಧ್ಯತೆ ಇದೆ. ಅಂಥದರ ಮೋರೆ ನುಣುಪು, ಮೈಕೂದಲು ಲ್ಯಾಬ್ರಡಾರ್‌ನಂತೆಯೇ ಉದುರೀತು, ಬೆಲೆ ಮಾತ್ರ ಅಷ್ಟೇ ಹೇಳುತ್ತಾರೆ. ಎಫ್1 ಅನ್ನು ಮತ್ತೆ ಪೂಡಲ್‌ಗೆ ಕೂಡಿಸಿದರೆ ಎಲ್ಲ ಮರಿಗೂ ಮೀಸೆ ಖಾತ್ರಿ, ಸುಮಾರು ಅರ್ಧದಷ್ಟಕ್ಕೆ ಪೂರ್ತಿ ಗುಂಗುರು. ಕಡಿಮೆ ಉದುರಬೇಕು ಎನ್ನುವವರು ಇದನ್ನೇ ಹುಡುಕಲಿ. ಸ್ಪಿಟ್ಜ್ ಅಥವಾ ಪೊಮೇರಿಯನ್‌ಗೂ ಮೀಸೆಯಿಲ್ಲ, ಒಳತುಪ್ಪಳ ದಟ್ಟ; ಅದರ ಮಿಶ್ರ ಮರಿಯ ವಿಷಯದಲ್ಲಿ ದೊಡ್ಡ ಮಾತು ನಂಬಬೇಡಿ. ಶಿಹ್ ತ್ಸುಗೆ ಮೀಸೆ ಇದ್ದೇ ಇರುವುದರಿಂದ ಅಲ್ಲಿ ಚಿಂತೆ ಕಡಿಮೆ.

ಎಂಟು ವಾರದ ಮರಿಯನ್ನು ಬೆಳಕಿಗೆ ಹಿಡಿದು ಮೂಗಿನ ಮೇಲ್ಭಾಗ ನೋಡಿ. ಅಲ್ಲಿ ಕೂದಲು ಎದ್ದು ಅತ್ತಿತ್ತ ಹರಡಿಕೊಂಡಿದ್ದರೆ, ಗದ್ದದಲ್ಲಿ ಜೊಂಪೆ ಕಂಡರೆ, ಮೀಸೆ ಜೀನ್ ಇದೆ. ಮೋರೆ ಮತ್ತು ಮುಂಗಾಲಿನ ಮುಂಭಾಗ ಬೆಣ್ಣೆ ಸವರಿದಂತೆ ನುಣುಪಾಗಿದ್ದರೆ ಇಲ್ಲ. ಗುಂಗುರಿನ ಸುಳಿವು ಕಿವಿಯ ಹಿಂದೆ, ಬಾಲದ ಬುಡದಲ್ಲಿ ಸಿಗುತ್ತದೆ. ಎಂಸಿ5ಆರ್ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು: ಮರಿ ಹಾಲು ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ, ಉಳಿದ ಮರಿಗಳಿಂದ ಬೇರೆ ಇಡಿ, ಕಿಟ್‌ನ ಕಡ್ಡಿಯ ತುದಿ ಮುಟ್ಟದೆ ಕೆನ್ನೆಯ ಒಳಭಾಗಕ್ಕೆ ತಿಕ್ಕಿ. ಒಂದು ಮರಿಯ ಜೊಲ್ಲು ಇನ್ನೊಂದರ ಬಾಯಲ್ಲಿದ್ದರೆ ಫಲಿತಾಂಶ ಕೆಡುತ್ತದೆ.

ಉದುರದ ಕೂದಲಿಗೆ ದುಡಿಮೆ ಜಾಸ್ತಿ. ಎಂಟರಿಂದ ಹನ್ನೆರಡು ತಿಂಗಳ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ ಹಳೆಯದು ಒಳಗೇ ಸಿಕ್ಕಿ ಕಿವಿ ಹಿಂದೆ, ಕಂಕುಳಲ್ಲಿ, ಬೆಲ್ಟಿನ ಕೆಳಗೆ ಗಂಟು ಕಟ್ಟುತ್ತದೆ. ಆಗ ದಿನ ಬಿಟ್ಟು ದಿನವಾದರೂ ಬಾಚಬೇಕು. ಕಾಲಿನಿಂದ ಶುರುಮಾಡಿ, ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಕೆಳಗೆ ಕಾಣುವ ಬೈತಲೆಯ ಗೆರೆಯಲ್ಲಿ ಸ್ಲಿಕರ್ ಬ್ರಷ್ (ತೆಳು ತಂತಿಹಲ್ಲಿನ ಬ್ರಷ್) ಎಳೆಯಿರಿ, ಸಾಲು ಸಾಲಾಗಿ ಮೇಲೇರಿ. ಕೊನೆಗೆ ಸ್ಟೀಲ್ ಹಣಿಗೆ ಚರ್ಮದವರೆಗೂ ಇಳಿಯಬೇಕು. ಇಳಿಯದಿದ್ದರೆ ಸ್ನಾನ ಮಾಡಿಸಬೇಡಿ, ನೀರು ತಾಗಿದ ಗಂಟು ಇನ್ನೂ ಬಿಗಿಯುತ್ತದೆ. ಮೇಲಷ್ಟೇ ಬಾಚಿ ಬಿಡುವವರೇ ಹೆಚ್ಚು. ಮೇಲಿಂದ ಮೃದು, ಬುಡದಲ್ಲಿ ಕಂಬಳಿಯಂಥ ಪದರ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒದ್ದೆ ಗಂಟಿನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಬುಡದವರೆಗೆ ಒಣಗಿಸಿ. ಗದಗದ ಎರೆಮಣ್ಣು ಬೆರಳ ಸಂದಿಯ ಕೂದಲಿಗೆ ಮೆತ್ತಿ ಗಟ್ಟಿಯಾಗುತ್ತದೆ, ಅಲ್ಲಿ ಗಿಡ್ಡ ಕತ್ತರಿಸಿಡಿ. ಮಳೆಗಾಲ ಮುಗಿದ ಮೇಲೆ ಬದುವಿನ ಉತ್ತರಾಣಿ ಕಾಳು ಗುಂಗುರಿನೊಳಗೆ ಹೊಕ್ಕರೆ ಬ್ರಷ್‌ಗೆ ಬರುವುದಿಲ್ಲ. ಬೆರಳಲ್ಲಿ ಒಂದೊಂದೇ ಬಿಡಿಸಿ. ಬೇಸಿಗೆಯಲ್ಲಿ ಪೂರ್ತಿ ಬೋಳಿಸದೆ ಒಂದೆರಡು ಸೆಂಟಿಮೀಟರ್ ಉಳಿಸಿ, ಬಿಸಿಲಿಗೆ ಚರ್ಮ ಸುಡುತ್ತದೆ.

ಒಂದೇ ಕಡೆ ಬೋಳಾದರೆ, ಕೆರೆತವೂ ಸೇರಿದರೆ ಜೀನ್‌ಗೆ ದೂರಬೇಡಿ. ಉಣ್ಣಿ, ಕಜ್ಜಿ, ಥೈರಾಯ್ಡ್ ಏನಾದರೂ ಇರಬಹುದು, ಪಶುವೈದ್ಯರಿಗೆ ತೋರಿಸಿ.

ಮನೆಯಲ್ಲಿ ಅಲರ್ಜಿ ಇದ್ದವರಿಗೆ ಇದು ಬೇರೆಯದೇ ಲೆಕ್ಕ. ಅಲರ್ಜಿ ಕೊಡುವ ಪ್ರೋಟೀನ್ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಉದುರದ ನಾಯಿಯಲ್ಲೂ ಇರುತ್ತದೆ. 1989ರಲ್ಲಿ ಆಸ್ಟ್ರೇಲಿಯಾದಲ್ಲಿ, ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಅಲರ್ಜಿಯವರಿಗೆಂದೇ ಲ್ಯಾಬ್ರಡಾರ್-ಪೂಡಲ್ ಕೂಡಿಸಿದಾಗಲೂ ಮೂರು ಮರಿಗಳಲ್ಲಿ ಒಂದೇ ಒಂದು ಹೊಂದಿಕೆಯಾಯಿತು. ಮುಂಗಡ ಕೊಡುವ ಮೊದಲು ಆ ಮರಿ ಮಲಗಿದ ಬಟ್ಟೆಯನ್ನೇ ಮನೆಗೆ ತಂದು, ಅಲರ್ಜಿ ಇರುವವರು ಎರಡು ಮೂರು ದಿನ ಬಳಿಯಲ್ಲಿಟ್ಟುಕೊಂಡು ನೋಡಲಿ. ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.