ಗೆರೆ ಪಾಪೆಯ ನಡುವೆ ಇರಲಿ

"ಹಟಮಾರಿ ಅದಾನ್ರಿ ಮೇಡಮ್. ಟಿವಿ ಮುಂದ ಎಷ್ಟ್ ಹೊತ್ತಾದ್ರೂ ಕೂಡ್ತಾನ. ಪುಸ್ತಕ ಕೊಟ್ರ ಒಗೀತಾನ."

ವಿಜಯಪುರದ ಕಡೆಯ ತಾಯಿ. ಭಾಂಡುಪ್‌ನಿಂದ ಮುಂಬಯಿಯ ಲೋಕಲ್ ರೈಲು ಹಿಡಿದು ಮುಲುಂಡ್‌ನ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಜೊತೆಗೆ ಏಳು ವರ್ಷದ ಮಗ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಿರುವುದರಿಂದ ಕಲಿಕೆ, ಬೆಳವಣಿಗೆ ನಿಧಾನವಾಗುವ ಸ್ಥಿತಿ). ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಫೈಲ್. ಹೃದಯದ ಆಪರೇಷನ್ ಕಾಗದ, ಥೈರಾಯ್ಡ್ ರಿಪೋರ್ಟು, ಮಾತಿನ ತರಬೇತಿಯ ಚೀಟಿಗಳು. ಕಣ್ಣಿನ ಕಾಗದ ಎಲ್ಲಕ್ಕಿಂತ ಕೆಳಗೆ ಇತ್ತು. ಅದು ಸಹಜವೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಜೀವ ಉಳಿಸಿಕೊಳ್ಳುವ ಓಡಾಟದಲ್ಲಿ ಕಣ್ಣಿನ ಸರದಿ ಬರುವುದು ತಡ.

ಹುಡುಗನಿಗೆ ಆಗಲೇ ಕನ್ನಡಕ ಇತ್ತು. ಪ್ಲಸ್ ನಂಬರ್, ದೂರದ ನೋಟಕ್ಕೆ ಕೊಟ್ಟದ್ದು. ಅದು ಸರಿಯಾಗಿಯೇ ಇತ್ತು.

ನಾನು ಕಣ್ಣಿನ ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ನಂಬರ್ ನೋಡಿ ಕನ್ನಡಕ ಕೊಡುವುದು, ಅದು ಮುಖಕ್ಕೆ ಸರಿಯಾಗಿ ಕೂತಿದೆಯಾ ಅಂತ ನೋಡುವುದು ನನ್ನ ಕೆಲಸ. ಈ ಹುಡುಗನಿಗಿಂತ ಮೊದಲು ಇಂಥ ಎಷ್ಟೋ ಮಕ್ಕಳಿಗೆ ನಾನು ದೂರದ ನಂಬರ್ ಮಾತ್ರ ಬರೆದು ಕಳಿಸಿದ್ದೇನೆ. ಹತ್ತಿರದ ನೋಟವನ್ನು ಬೇರೆಯಾಗಿ ನೋಡಿರಲಿಲ್ಲ. ಆ ಮಕ್ಕಳನ್ನೂ ಯಾರೋ ಹಟಮಾರಿ ಅಂದಿರುತ್ತಾರೆ ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಕ್ಷರ ಹೇಳಲಾರದ ಮಗುವಿನ ದೃಷ್ಟಿ ನೋಡಲಿಕ್ಕೂ ದಾರಿ ಇದೆ. ನನ್ನ ಹತ್ತಿರ ಕಾರ್ಡಿಫ್ ಕಾರ್ಡುಗಳಿವೆ. ಬೂದು ಬಣ್ಣದ ಕಾರ್ಡಿನಲ್ಲಿ ಮೇಲೋ ಕೆಳಗೋ ಒಂದು ಚಿತ್ರ. ಕಾರ್ಡಿನಿಂದ ಕಾರ್ಡಿಗೆ ಅದರ ಗೆರೆ ತೆಳ್ಳಗಾಗುತ್ತಾ ಹೋಗುತ್ತದೆ. ಮಗು ಏನೂ ಹೇಳಬೇಕಾಗಿಲ್ಲ. ಕಣ್ಣು ಮೇಲೆ ಹೋಯಿತಾ, ಕೆಳಗೆ ಹೋಯಿತಾ ಅಷ್ಟೇ ನಾನು ನೋಡಬೇಕು. ಹುಡುಗ ಆ ಆಟವನ್ನು ಚೆನ್ನಾಗಿ ಆಡಿದ.

ಆಮೇಲೆ ಬಿಳಿ ತಟ್ಟೆಯಲ್ಲಿ ನಾಲ್ಕು ಸಾಸಿವೆ ಕಾಳು ಹಾಕಿ ಮುಂದಿಟ್ಟೆ. ಅವನು ಬೆರಳಿನಿಂದ ಹೆಕ್ಕಲಿಲ್ಲ. ತಟ್ಟೆ ಮೇಲೆಲ್ಲ ಅಂಗೈ ಆಡಿಸಿದ. ಅಂಟಿಕೊಂಡದ್ದು ಅಂಟಿಕೊಂಡಿತು, ಉಳಿದದ್ದು ಉರುಳಿ ಹೋಯಿತು.

ಮುಖ್ಯವಾದ ಪರೀಕ್ಷೆ ಇದರ ನಂತರದ್ದು. ಅದನ್ನು ಕಣ್ಣಿಗೆ ಡ್ರಾಪ್ಸ್ ಹಾಕುವ ಮೊದಲೇ ಮಾಡಬೇಕು. ಮಕ್ಕಳ ನಂಬರ್ ಸರಿಯಾಗಿ ಸಿಗಲಿ ಅಂತ ಹಾಕುವ ಡ್ರಾಪ್ಸ್ ಕಣ್ಣಿನ ಫೋಕಸ್ ಮಾಡುವ ಶಕ್ತಿಯನ್ನೇ ಸ್ವಲ್ಪ ಹೊತ್ತು ಮಲಗಿಸಿಬಿಡುತ್ತದೆ. ಮಲಗಿದ ಮೇಲೆ ಅದನ್ನು ಅಳೆಯುವುದು ಹೇಗೆ? ಕ್ಲಿನಿಕ್‌ಗಳಲ್ಲಿ ತಪ್ಪಿಹೋಗುವುದು ಇಲ್ಲೇ. ಬಂದ ಕೂಡಲೇ ಡ್ರಾಪ್ಸ್ ಹಾಕಿ ಹೊರಗೆ ಕೂರಿಸುತ್ತಾರೆ.

ಹುಡುಗನ ಕನ್ನಡಕ ಹಾಕಿಯೇ ಕೂರಿಸಿದೆ. ಅಮ್ಮನ ಚೀಲದಲ್ಲಿದ್ದ ಪಾರ್ಲೆ-ಜಿ ಪೊಟ್ಟಣವನ್ನು ಅವನ ಕಣ್ಣಿನಿಂದ 25 ಸೆಂ.ಮೀ. ದೂರದಲ್ಲಿ ಹಿಡಿಯಲು ಹೇಳಿದೆ. "ಪಾಪು ಎಲ್ಲಿದೆ ತೋರಿಸು ಪುಟ್ಟಾ" ಅಂದರೆ ಅವನು ಆ ಚಿತ್ರವನ್ನೇ ನೋಡುತ್ತಿದ್ದ. ಪೊಟ್ಟಣದ ಪಕ್ಕದಿಂದ ಕಣ್ಣಿನ ಫೋಕಸ್ ಅಳೆಯುವ ರೆಟಿನೋಸ್ಕೋಪಿನ ಬೆಳಕು ಬಿಟ್ಟೆ. ಬೆಳಕನ್ನು ಅತ್ತಿತ್ತ ಆಡಿಸಿದಾಗ ಪಾಪೆಯೊಳಗಿನ ಹೊಳಪು ಅದರ ಜೊತೆಯಲ್ಲೇ ಸರಿಯುತ್ತಿದ್ದರೆ, ಕಣ್ಣಿನ ಫೋಕಸ್ ಇನ್ನೂ ದೂರದಲ್ಲೇ ನಿಂತಿದೆ ಅಂತ ಅರ್ಥ. ಹೊಳಪು ಸರಿಯುವುದು ನಿಂತು ಪಾಪೆ ಒಮ್ಮೆಲೇ ತುಂಬಿಕೊಳ್ಳುವ ಜಾಗ ಸಿಗುವವರೆಗೆ ನಾನು ಹಿಂದೆ ಹಿಂದೆ ಸರಿಯಬೇಕು. ಪೊಟ್ಟಣ ಮಾತ್ರ ಅಲ್ಲೇ ಇರಬೇಕು.

ಬೇರೆ ಮಕ್ಕಳಲ್ಲಾದರೆ ಪೊಟ್ಟಣದಿಂದ ಸ್ವಲ್ಪ ಹಿಂದೆ ಸರಿದರೆ ಸಾಕು. ಈ ಹುಡುಗನ ವಿಷಯದಲ್ಲಿ ಸರಿಯುತ್ತಾ ಹೋದೆ, ಸರಿಯುತ್ತಾ ಹೋದೆ. ನನ್ನ ಸ್ಟೂಲು ಹಿಂದಿನ ಗೋಡೆಗೆ ತಾಗುವ ಹಾಗಾಯಿತು. ಟೇಪಿನಲ್ಲಿ 65 ಸೆಂ.ಮೀ. ಪೊಟ್ಟಣ 25ರಲ್ಲಿ, ಫೋಕಸ್ 65ರಲ್ಲಿ. ಮೂರು ಸಲ ನೋಡಿದೆ. ಮೂರು ಸಲವೂ ಹಾಗೇ.

ತಾಯಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅನ್ನಿಸಿತು. ಲೆನ್ಸ್ ಬದಲಾಯಿಸಿ ನೋಡುವ ಟ್ರಯಲ್ ಫ್ರೇಮಿನ ಎರಡೂ ಕಡೆ ಪ್ಲಸ್ 2.50 ಹಾಕಿ ಅವರಿಗೆ ತೊಡಿಸಿ, ಎದುರು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಓದಿ ಅಂದೆ. ಕಣ್ಣು ಕಿರಿದು ಮಾಡಿದರು, ಕತ್ತು ಮುಂದೆ ಚಾಚಿದರು, ಆಮೇಲೆ ಫ್ರೇಮ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇವನಿಗೆ ಪುಸ್ತಕ ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ ಅಮ್ಮ" ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ನಾ ಬಡದೇನ್ರಿ ಮೇಡಮ್, ಓದಾಕ" ಅಂದರು. ನಾನು ಎದ್ದು ಹೋಗಿ ಅವರ ಪಕ್ಕ ಕೂತೆ.

ಹೀಗಾಗುವುದು ಅಪರೂಪ ಅಲ್ಲ. ವೇಲ್ಸ್ ದೇಶದ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಮ್ಯಾಗಿ ವುಡ್‌ಹೌಸ್ ಮತ್ತು ಅವರ ಜೊತೆಯವರು 1990ರ ದಶಕದಿಂದ ಇದನ್ನೇ ನೋಡುತ್ತಾ ಬಂದಿದ್ದಾರೆ. ಡೌನ್ ಸಿಂಡ್ರೋಮ್ ಇರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಹತ್ತಿರದ ಫೋಕಸ್ ಸಾಲದು ಅಂತ ಅವರು ತೋರಿಸಿಕೊಟ್ಟರು. ದೂರದ ಕನ್ನಡಕ ಹಾಕಿದರೂ ಇದು ಸರಿಹೋಗುವುದಿಲ್ಲ. ನಮಗೆ ನಲವತ್ತು ದಾಟಿದ ಮೇಲೆ ಬರುವ ಚಾಳೀಸಿಗೂ ಇದಕ್ಕೂ ವ್ಯತ್ಯಾಸ ಇದೆ. ಚಾಳೀಸಿನಲ್ಲಿ ಕಣ್ಣೊಳಗಿನ ಲೆನ್ಸೇ ಬಿಗಿಯಾಗಿರುತ್ತದೆ. ಈ ಮಕ್ಕಳಲ್ಲಿ ಹಾಗಲ್ಲ. ಅದು ಗೊತ್ತಾಗುವುದು ಹೇಗೆ ಅಂದರೆ, ಬೈಫೋಕಲ್ (ಮೇಲಿನ ಭಾಗ ದೂರಕ್ಕೆ, ಕೆಳಗಿನ ಭಾಗ ಹತ್ತಿರಕ್ಕೆ ಇರುವ ಕನ್ನಡಕ) ಹಾಕಿಕೊಂಡ ಕೆಲವು ಮಕ್ಕಳು ಕಾಲ ಕಳೆದ ಹಾಗೆ ತಾವಾಗಿಯೇ ಹತ್ತಿರಕ್ಕೆ ಫೋಕಸ್ ಮಾಡಲು ಶುರುಮಾಡುತ್ತಾರೆ. ಅಂಥವರಿಗೆ ಆಮೇಲೆ ಸಾದಾ ಕನ್ನಡಕವೇ ಸಾಕಾಗುತ್ತದೆ. ನನಗೆ ಈ ಮಾತು ತುಂಬಾ ಧೈರ್ಯ ಕೊಟ್ಟಿತು.

ಡ್ರಾಪ್ಸ್ ಹಾಕಿ ದೂರದ ನಂಬರನ್ನೂ ಇನ್ನೊಮ್ಮೆ ನೋಡಿದೆವು. ಮಕ್ಕಳ ಕಣ್ಣಿನ ಡಾಕ್ಟರ್ ಕಣ್ಣಿನ ಒಳಭಾಗ ನೋಡಿ, ಪೊರೆ ಇಲ್ಲ, ಮೆಳ್ಳೆಗಣ್ಣು ಇಲ್ಲ ಅಂದರು. ಮೇಲೆ ಅವನದೇ ಹಳೆಯ ನಂಬರ್, ಕೆಳಗೆ ಹತ್ತಿರಕ್ಕೆ ಅಂತ ಅದರ ಮೇಲೆ ಇನ್ನೂ ಪ್ಲಸ್ 2.50 ಅಡಿಷನ್. ಹೀಗೆ ಬೈಫೋಕಲ್ ಬರೆದೆ.

ಮಾರನೆಯ ದಿನ ಹುಡುಗನ ಅಜ್ಜಿ ಫೋನ್ ಮಾಡಿದರು. ಏಳು ವರ್ಷಕ್ಕೇ ಮುದುಕರ ಕನ್ನಡಕವಾ, ಮೊದಲೇ ಜನ ನೋಡುತ್ತಾರೆ, ಇನ್ನು ಇದೂ ಬೇಕಾ ಅಂತ. ಅಜ್ಜಿಯ ನೋವು ನನಗೆ ಅರ್ಥವಾಗುತ್ತದೆ. "ಮೂರು ತಿಂಗಳು ಹಾಕಿ ನೋಡೋಣ ಅಜ್ಜಿ. ಆಗಲಿಲ್ಲ ಅಂದರೆ ನಾನೇ ತೆಗೆಸುತ್ತೇನೆ" ಅಂದೆ.

ಕನ್ನಡಕ ತಯಾರಾಗಿ ಬಂತು. ಪೆಟ್ಟಿಗೆ ತೆರೆದು ನೋಡಿದ ಕೂಡಲೇ ನನಗೆ ಬೇಜಾರಾಯಿತು.

ಫ್ರೇಮನ್ನು ಹುಡುಗನ ಮುಖಕ್ಕೆ ಹಾಕಿ, ಅವನ ಕಣ್ಣಿನ ಮಟ್ಟಕ್ಕೆ ನಾನೂ ಕೂತು, ಪಾಪೆಯ ನಡುಭಾಗಕ್ಕೆ ಸರಿಯಾಗಿ ಲೆನ್ಸಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿದ್ದೆ, ಹತ್ತಿರ ನೋಡುವ ಭಾಗ ಅಲ್ಲಿಂದ ಶುರುವಾಗಬೇಕು ಅಂತ. ಕೆಳಗಿನ ಅಂಚಿನಿಂದ 16 ಮಿ.ಮೀ. ಆರ್ಡರಿನಲ್ಲಿ ಹಾಗೇ ಬರೆದಿದ್ದೆ. ಬಂದದ್ದು 11. ಅದೂ ಹತ್ತಿರ ನೋಡುವ ಭಾಗ ಗುಂಡು ಬಿಲ್ಲೆಯ ಹಾಗಿರುವ ಕೆ.ಟಿ. ಲೆನ್ಸು. ಲೆನ್ಸ್ ಮಾಡುವವರನ್ನು ಕೇಳಿದರೆ, 16 ಅಂತ ಬರೆದದ್ದು ಕೈತಪ್ಪು ಅಂದುಕೊಂಡು ತಾವೇ ಸರಿಮಾಡಿದೆವು ಅಂದರು. ದೊಡ್ಡವರಿಗೆ ಗೆರೆ ಕೆಳರೆಪ್ಪೆಯ ಹತ್ತಿರ ಕೂರಿಸುವುದೇ ರೂಢಿ. ದಿನಾ ನೂರಾರು ಹಾಗೇ ಮಾಡುವವರ ಕೈ ಅಲ್ಲಿಗೇ ಹೋಗುತ್ತದೆ.

ದೊಡ್ಡವರಿಗೆ ಅದು ಸರಿ. ಓದುವಾಗ ಕಣ್ಣು ಕೆಳಗಿಳಿಸಬೇಕು ಅಂತ ನಮಗೆ ಗೊತ್ತಿರುತ್ತದೆ, ನಾವು ಬಿಲ್ಲೆಯನ್ನು ಹುಡುಕಿಕೊಳ್ಳುತ್ತೇವೆ. ಮಗು ಹುಡುಕುವುದಿಲ್ಲ. ಎಲ್ಲಿಂದ ನೋಡಲಿಕ್ಕೆ ಸುಲಭವೋ ಅಲ್ಲಿಂದ ನೋಡುತ್ತದೆ. ಗೆರೆ ಕೆಳಗಿದ್ದರೆ ಮೇಲಿನ ಭಾಗದಿಂದಲೇ ಪುಸ್ತಕ ನೋಡುತ್ತದೆ, ಪುಸ್ತಕ ಮೊದಲಿನ ಹಾಗೇ ಮಸುಕು. ಆಗ ಎಲ್ಲರೂ ಸೇರಿ "ಬೈಫೋಕಲ್ ಹಾಕಿದರೂ ಪ್ರಯೋಜನ ಆಗಲಿಲ್ಲ" ಅಂತಾರೆ. ತಪ್ಪು ಮಗುವಿನ ತಲೆಗೆ ಬರುತ್ತದೆ. ಐದು ಮಿಲಿಮೀಟರ್‌ಗೆ ಇಷ್ಟು ಬೆಲೆ. ಅದಕ್ಕೇ ನಾನು ಈ ವಿಷಯದಲ್ಲಿ ಯಾರಿಗೂ ಬಿಟ್ಟುಕೊಡುವುದಿಲ್ಲ.

ವಾಪಸ್ ಕಳಿಸಿದೆ. ಈ ಸಲ ಆರ್ಡರ್ ಚೀಟಿಯ ಮೇಲೆ ಕಣ್ಣಿನ ಚಿತ್ರ ಬರೆದು, ಪಾಪೆಯ ನಡುವೆ ಕೆಂಪು ಗೆರೆ ಎಳೆದೆ. ಅಗಲವಾದ ಡಿ-ಬೈಫೋಕಲ್ (ಬಿಲ್ಲೆಯ ಮೇಲಂಚು ನೇರವಾಗಿರುವುದು), ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್), 16 ಮಿ.ಮೀ., ಮಗುವಿಗೆ, ಬದಲಾಯಿಸಬೇಡಿ ಅಂತ ಬರೆದೆ. ಫೋನ್ ಮಾಡಿಯೂ ಹೇಳಿದೆ. ಅವತ್ತಿನಿಂದ ಪ್ರತಿ ಮಗುವಿಗೂ ಚಿತ್ರ ಬರೆದೇ ಕಳಿಸುತ್ತೇನೆ. ಅಡ್ಡಕ್ಕೆ ಪೂರ್ತಿ ಗೆರೆ ಇರುವ ಎಕ್ಸಿಕ್ಯೂಟಿವ್ ಲೆನ್ಸನ್ನೂ ಕೊಡಬಹುದು. ಆದರೆ ಅದು ದಪ್ಪ, ಭಾರ ಜಾಸ್ತಿ. ಪುಟ್ಟ ಮೂಗಿಗೆ ಭಾರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೂಗಿನ ಮಾತು ಬಂತಲ್ಲ, ಅದೂ ಅಷ್ಟೇ ಮುಖ್ಯ. ಈ ಮಕ್ಕಳ ಮೂಗಿನ ಬುಡ ಸಾಮಾನ್ಯವಾಗಿ ಚಪ್ಪಟೆ. ಅಂಗಡಿಯಲ್ಲಿ ಸಿಗುವ ಫ್ರೇಮ್ ಜಾರಿ ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಫ್ರೇಮ್ ಜಾರಿದರೆ ಗೆರೆಯೂ ಜಾರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ನಾನು ಸಿಲಿಕೋನ್ ಪ್ಯಾಡ್ ಇರುವ, ಮೂಗಿನ ಸೇತುವೆ ತಗ್ಗಿನಲ್ಲಿರುವ ಫ್ರೇಮ್ ಆರಿಸಿದೆ. ಕಡ್ಡಿಗಳನ್ನು ಬಿಸಿ ಮಾಡಿ ಕಿವಿಯ ಹಿಂದೆ ಬಾಗಿಸಿದೆ. ತಲೆಯ ಹಿಂದೆ ಒಂದು ಇಲಾಸ್ಟಿಕ್ ಪಟ್ಟಿ. ಮುಂಬಯಿಯ ಬೆವರಿಗೆ ಪಟ್ಟಿ ವಾರಕ್ಕೊಮ್ಮೆಯಾದರೂ ಒಗೆಯಬೇಕು, ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ. ಫ್ರೇಮ್ ಸೊಟ್ಟಗಾದಾಗಲೆಲ್ಲ ತನ್ನಿ, ದುಡ್ಡಿಲ್ಲ ಅಂತ ಹೇಳಿದ್ದೇನೆ. ಹದಿನೈದು ದಿನಕ್ಕೊಮ್ಮೆ ಬರುವವರಿದ್ದಾರೆ, ಬರಲಿ.

ಮೊದಲ ದಿನ ಊಟದ ಹೊತ್ತಿಗೆ ಮಾತ್ರ ಹಾಕಿಸಿ ಅಂದೆ. ಪುಸ್ತಕದಿಂದ ಶುರು ಮಾಡಬೇಡಿ, ಪುಸ್ತಕದ ಮೇಲೆ ಅವನಿಗೆ ಆಗಲೇ ಸಿಟ್ಟಿದೆ. ತಟ್ಟೆ, ಅನ್ನದ ಅಗುಳು, ಮೊಬೈಲಿನ ಫೋಟೋ, ಅವನಿಗೆ ಇಷ್ಟವಾದದ್ದೆಲ್ಲ ಹತ್ತಿರದಲ್ಲಿಡಿ. ಮೆಟ್ಟಿಲಿನ ಭಯ ಎಲ್ಲ ತಂದೆತಾಯಿಗೂ ಇರುತ್ತದೆ. ಗೆರೆ ಇಷ್ಟು ಮೇಲಿದ್ದರೆ ಕಾಲಡಿ ಮಸುಕಾಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ. ಮಕ್ಕಳು ಗದ್ದ ಕೆಳಗೆ ಮಾಡಿ ಮೇಲಿನ ಭಾಗದಿಂದ ನೋಡುವುದನ್ನು ಬೇಗ ಕಲಿಯುತ್ತಾರೆ. ಆದರೂ ಮೊದಲ ವಾರ ಲೋಕಲ್ ಹತ್ತುವಾಗ ಇಳಿಯುವಾಗ ಕೈ ಬಿಡಬಾರದು. ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಸಂದು ನಮಗೇ ಭಯ ಹುಟ್ಟಿಸುತ್ತದೆ.

ನಾಲ್ಕನೇ ದಿನ ತಾಯಿ ಫೋನ್ ಮಾಡಿದರು. ಬೆಳಿಗ್ಗೆ ಎದ್ದು ಅವನೇ ಕನ್ನಡಕ ಹುಡುಕಿದನಂತೆ.

ಶಾಲೆಗೆ ಚೀಟಿ ಬರೆದುಕೊಟ್ಟೆ. ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿಡಿ, ಎದುರಿಗೆ ಎತ್ತಿ ಹಿಡಿಯಬೇಡಿ. ಎತ್ತಿ ಹಿಡಿದರೆ ಅವನು ಮೇಲಿನ ಭಾಗದಿಂದ ನೋಡುತ್ತಾನೆ. ಬೋರ್ಡು ಮೇಲಿನ ಭಾಗಕ್ಕೆ, ಪುಸ್ತಕ ಕೆಳಗಿನ ಭಾಗಕ್ಕೆ. ಇನ್ನೊಂದು ಮಾತು: ಕನ್ನಡಕ ಹಾಕಿದ ಮೇಲೂ ಈ ಮಕ್ಕಳಿಗೆ ಸಣ್ಣದು, ತೆಳ್ಳಗಿನದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಪೆನ್ಸಿಲ್ ಬರಹ ಬೂದಿಯ ಹಾಗೆ ಕಾಣುತ್ತದೆ. ನೋಟ್‌ಬುಕ್ಕಿನ ತಿಳಿ ನೀಲಿ ಗೆರೆಗಳು ಇದ್ದೂ ಇಲ್ಲದ ಹಾಗೆ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಕೊಡಿ, ದಪ್ಪ ಅಕ್ಷರ ಬರೆಯಿರಿ ಅಂತ ಬರೆದೆ. ಟೀಚರ್ ಅದೇ ವಾರ ಒಂದು ಇಡೀ ಪುಸ್ತಕಕ್ಕೆ ಕೈಯಿಂದ ಗೆರೆ ಎಳೆದು ಕೊಟ್ಟರಂತೆ. ಅವರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ.

ಮೂರು ತಿಂಗಳ ಮೇಲೆ ಮತ್ತೆ ಪಾರ್ಲೆ-ಜಿ ಪೊಟ್ಟಣ, ಮತ್ತೆ 25 ಸೆಂ.ಮೀ. ಕೆಳಗಿನ ಭಾಗದಿಂದ ನೋಡುವಾಗ ಬೆಳಕು ಪೊಟ್ಟಣದ ಪಕ್ಕದಲ್ಲೇ ನಿಂತಿತು. ಮೇಲಿನ ಭಾಗದಿಂದ ಇನ್ನೂ 60ರ ಆಸುಪಾಸು. ಇರಲಿ, ಅವಸರ ಇಲ್ಲ. ಆರು ತಿಂಗಳಿಗೊಮ್ಮೆ ಎರಡೂ ಕಡೆ ಅಳೆದು ಬರೆದಿಡುತ್ತೇನೆ. ಮೇಲಿನ ಅಂಕಿ ಪೊಟ್ಟಣದ ಹತ್ತಿರ ಬಂದು ಅಲ್ಲೇ ನಿಂತ ದಿನ ಬೈಫೋಕಲ್ ಬಿಡಿಸುವ ಮಾತು.

ಆಮೇಲೆ ಬಂದ ಮಕ್ಕಳೆಲ್ಲರಿಗೂ ಬೈಫೋಕಲ್ ಬೇಕಾಗಲಿಲ್ಲ. ಹತ್ತಿರದ ಫೋಕಸ್ ಚೆನ್ನಾಗಿರುವ ಮಗುವಿಗೆ ಸುಮ್ನೆ ಯಾಕೆ ಕೊಡಬೇಕು? ಅಳೆದು ನೋಡಿಯೇ ಕೊಡಬೇಕು. ಒಬ್ಬಳು ಹುಡುಗಿಗೆ ಮೈನಸ್ ನಂಬರ್ ಇತ್ತು. ಅವಳು ಓದುವಾಗ ಕನ್ನಡಕ ತೆಗೆದಿಡುತ್ತಿದ್ದಳು, ಹಾಗೇ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳನ್ನು ಬೈಯಬೇಡಿ ಅಂತ ಹೇಳಿ ಕಳಿಸಿದೆ. ಕಣ್ಣುಜ್ಜುವ ಅಭ್ಯಾಸ ಇರುವ ಮಕ್ಕಳನ್ನು ಮಾತ್ರ ತಪ್ಪದೆ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಕಪ್ಪುಗುಡ್ಡೆಯ ಮೇಲಿನ ಪದರ ಕೋನದ ಹಾಗೆ ಚೂಪಾಗುವ ಕೆರಟೋಕೋನಸ್ ಜಾಸ್ತಿ, ಉಜ್ಜುವುದು ಅದಕ್ಕೆ ಒಳ್ಳೆಯದಲ್ಲ. ಮಗು ಚಿಕ್ಕದಿರುವ ಮನೆಯವರಿಗೆ ನಾನು ಹೇಳುವುದು ಒಂದೇ. ಆರು ತಿಂಗಳು ತುಂಬುವುದರೊಳಗೆ ಒಮ್ಮೆ ಮಕ್ಕಳ ಕಣ್ಣಿನ ಡಾಕ್ಟರಿಗೆ ತೋರಿಸಿ. ಶಾಲೆಗೆ ಸೇರಿಸುವ ಹೊತ್ತಿಗೆ "ಹತ್ತಿರದ ಫೋಕಸ್ ನೋಡಿದಿರಾ, ಡ್ರಾಪ್ಸ್‌ಗೆ ಮೊದಲು ನೋಡಿದಿರಾ" ಅಂತ ಬಾಯಿಬಿಟ್ಟು ಕೇಳಿ.

ಈ ಸಂಕ್ರಾಂತಿಗೆ ಹುಡುಗ ಅಮ್ಮನ ಜೊತೆ ಬಂದಿದ್ದ. ಅಜ್ಜಿಯೂ ಬಂದಿದ್ದರು. ಸ್ಟೀಲ್ ಡಬ್ಬಿಯಲ್ಲಿ ಎಳ್ಳುಬೆಲ್ಲ, ಅದರ ಜೊತೆ ಬಿಳಿ, ಹಳದಿ, ಗುಲಾಬಿ ಬಣ್ಣದ ಕುಸುರೆಳ್ಳು. ಅಜ್ಜಿ ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಲು ಬಂದರು. ಹುಡುಗ ಬಿಡಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗದ್ದ ಸ್ವಲ್ಪ ಮೇಲೆತ್ತಿದ, ಕಣ್ಣು ಗೆರೆಯ ಕೆಳಗಿಳಿಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಗುಲಾಬಿ ಕಾಳು ಹೆಕ್ಕಿ ನನ್ನ ಅಂಗೈಯಲ್ಲಿಟ್ಟ. ಮತ್ತೆ ಡಬ್ಬಿಗೆ ಬಗ್ಗಿ ಇನ್ನೊಂದು ಗುಲಾಬಿ ಹುಡುಕಿದ. ಹೊರಗೆ ಇಬ್ಬರು ಕಾಯುತ್ತಿದ್ದರು. ಅವನು ಏಳು ಕಾಳು ಎಣಿಸಿ ಕೊಡುವವರೆಗೆ ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.