ಅಪ್‌ಡೇಟ್ ನಂತರ ಕಂಪ್ಯೂಟರ್ ಆನ್ ಆಗದಿದ್ದರೆ: ರೀಸೆಟ್ ಮಾಡುವ ಮೊದಲು ಇಷ್ಟು ಮಾಡಿ

ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಆಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವಾಗ ಪರದೆ ಕಪ್ಪಾಗಿಯೇ ಉಳಿದರೆ, ಅಥವಾ ಲೋಗೋ ಬಂದು ಹೋಗಿ ಮತ್ತೆ ಅದೇ ಲೋಗೋ ಕಾಣಿಸುತ್ತಿದ್ದರೆ, ಒಳಗಿದ್ದುದೆಲ್ಲ ಹೋಯಿತೆಂದು ಗಾಬರಿಪಡಬೇಕಾಗಿಲ್ಲ. ಅಪ್‌ಡೇಟ್ ಕೈಹಾಕುವುದು ಸಿಸ್ಟಂ ಫೈಲ್‌ಗಳಿಗೆ ಮತ್ತು ಡ್ರೈವರ್‌ಗಳಿಗೆ (ಪರದೆ, ಪ್ರಿಂಟರ್‌ನಂಥ ಭಾಗಗಳನ್ನು ನಡೆಸುವ ತಂತ್ರಾಂಶಗಳಿಗೆ). ನಿಮ್ಮ ಫೋಟೊಗಳು, ದಾಖಲೆಗಳು ಸಾಮಾನ್ಯವಾಗಿ ಡಿಸ್ಕ್‌ನಲ್ಲಿ ಇದ್ದಲ್ಲೇ ಇರುತ್ತವೆ. ದುರಸ್ತಿಯ ಅವಸರದಲ್ಲಿ ಅವುಗಳನ್ನು ಕಳೆದುಕೊಳ್ಳುವ ಅಪಾಯವೇ ಹೆಚ್ಚು. ಆದ್ದರಿಂದ ಏನನ್ನೂ ಅಳಿಸದ ಉಪಾಯಗಳನ್ನು ಮೊದಲು ಪ್ರಯತ್ನಿಸಿ, ರೀಸೆಟ್‌ನಂಥ (ವಿಂಡೋಸನ್ನೇ ಹೊಸದಾಗಿ ಹಾಕುವ), ಅಳಿಸುವ ಉಪಾಯಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಇಲ್ಲಿರುವ ವಿವರಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ.

ಮೊದಲನೆಯದಾಗಿ, ಕಾಯಿರಿ. ಅಪ್‌ಡೇಟ್‌ನ ಶೇಕಡಾವಾರು ಅಂಕಿ ಒಂದೇ ಕಡೆ ನಿಂತಿದ್ದರೂ ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಕೆಲಸ ನಡೆದಿದೆ ಎಂದೇ ಅರ್ಥ. ಆಗ ಬಲವಂತವಾಗಿ ಆಫ್ ಮಾಡಿದರೆ ಫೈಲ್‌ಗಳು ಅರ್ಧಂಬರ್ಧ ಬರೆದ ಸ್ಥಿತಿಯಲ್ಲಿ ಉಳಿದು ತೊಂದರೆ ಹೆಚ್ಚಾಗುತ್ತದೆ. ಒಂದೆರಡು ಗಂಟೆ ಕಳೆದರೂ ಬದಲಾವಣೆ ಇಲ್ಲದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್ ಡಿಸ್ಕ್‌ಗಳನ್ನೆಲ್ಲ ಬಿಡಿಸಿ ಮತ್ತೆ ಆನ್ ಮಾಡಿ. ಪರದೆ ಕಪ್ಪಾಗಿದ್ದರೂ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹೊತ್ತಿ ಆರುತ್ತಿದ್ದರೆ, ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು 'ಬಿ' ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮರುಚಾಲನೆ ಮಾಡುತ್ತದೆ. ಪರದೆ ಮರಳಿ ಬಂದರೆ ದೋಷ ಆ ಡ್ರೈವರ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು.

ಇದರಿಂದಲೂ ಆಗದಿದ್ದರೆ ವಿಂಡೋಸ್‌ನ ರಿಕವರಿ ಪರದೆಗೆ ಹೋಗಬೇಕು. ಕಂಪ್ಯೂಟರ್ ಆನ್ ಮಾಡಿ, ಲೋಗೋದ ಕೆಳಗೆ ಚುಕ್ಕಿಗಳು ಸುತ್ತತೊಡಗಿದ ಕೂಡಲೇ ಪವರ್ ಬಟನ್ನನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಿ. ಸತತವಾಗಿ ಎರಡು–ಮೂರು ಬಾರಿ ಹೀಗಾದರೆ ವಿಂಡೋಸ್ ತಾನಾಗಿಯೇ ರಿಕವರಿ ಪರದೆಯನ್ನು ತೆರೆಯುತ್ತದೆ. ಅಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ಅಡ್ವಾನ್ಸ್ಡ್ ಆಪ್ಷನ್ಸ್' ಆರಿಸಿಕೊಳ್ಳಿ.

ಈ ಹಂತದಲ್ಲಿ 48 ಅಂಕಿಗಳ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ರಿಕವರಿ ಕೀಯನ್ನು ಕೇಳಬಹುದು. ತಾವು ಅಂಥದ್ದನ್ನು ಹಾಕಿಕೊಂಡೇ ಇಲ್ಲವೆಂದು ಅನೇಕರು ಇಲ್ಲಿ ಕಂಗಾಲಾಗುತ್ತಾರೆ. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ನ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಮಾಡುವ ರಕ್ಷಣೆ) ತಾನಾಗಿಯೇ ಜಾರಿಯಾಗಿರುತ್ತದೆ, ಅದರ ಕೀ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲ್‌ನಲ್ಲಿ ಆ ಖಾತೆಗೆ ಲಾಗಿನ್ ಆಗಿ, ಪರದೆಯ ಮೇಲಿರುವ ಕೀ ಐಡಿಗೆ ಹೊಂದುವ ಕೀಯನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಕಚೇರಿಯದ್ದಾದರೆ ಅಲ್ಲಿನ ಐಟಿ ವಿಭಾಗವನ್ನು ಕೇಳಿ. ಮರೆತ ಪಾಸ್‌ವರ್ಡನ್ನು ಬದಲಿಸಿಕೊಳ್ಳುವಂತೆ ಈ ಕೀಯನ್ನು ಬೇರೆ ದಾರಿಯಿಂದ ಹೊಸದಾಗಿ ಪಡೆಯಲು ಬರುವುದಿಲ್ಲ. ಆದ್ದರಿಂದ ಕೀ ಸಿಗುವವರೆಗೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ.

ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿರುವ 'ಸ್ಟಾರ್ಟಪ್ ರಿಪೇರ್' ಅನ್ನು ಒಮ್ಮೆ ಓಡಿಸಿ ನೋಡಿದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಅಪ್‌ಡೇಟ್‌ನಿಂದಲೇ ಬಂದ ತೊಂದರೆಗೆ ನೇರವಾದ ಮದ್ದು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'. ಇದರಲ್ಲಿ ಎರಡು ಆಯ್ಕೆಗಳಿರುತ್ತವೆ: ತಿಂಗಳಿಗೊಮ್ಮೆ ಬರುವ ಭದ್ರತಾ ತಿದ್ದುಪಡಿಗಳು 'ಕ್ವಾಲಿಟಿ ಅಪ್‌ಡೇಟ್', ವಿಂಡೋಸ್‌ನ ಹೊಸ ಆವೃತ್ತಿಯೇ ಬಂದಿದ್ದರೆ ಅದು 'ಫೀಚರ್ ಅಪ್‌ಡೇಟ್'. ಎರಡನೆಯದಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವಿದ್ದು, ಆನಂತರ ಹಳೆಯ ಆವೃತ್ತಿಯ ಫೈಲ್‌ಗಳು ಅಳಿಸಿಹೋಗುವುದರಿಂದ ಹಿಂದಿರುಗುವ ದಾರಿ ಮುಚ್ಚುತ್ತದೆ. ಕಂಪ್ಯೂಟರ್ ತೆರೆದುಕೊಂಡ ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್‌ಗಳನ್ನು ಕೆಲವು ದಿನ ತಡೆಹಿಡಿಯಿರಿ, ಇಲ್ಲದಿದ್ದರೆ ಅದೇ ಅಪ್‌ಡೇಟ್ ರಾತ್ರೋರಾತ್ರಿ ಮತ್ತೆ ಬಂದು ಕೂರಬಹುದು.

ಫಲ ಸಿಗದಿದ್ದರೆ 'ಸ್ಟಾರ್ಟಪ್ ಸೆಟ್ಟಿಂಗ್ಸ್' ಮೂಲಕ ರೀಸ್ಟಾರ್ಟ್ ಮಾಡಿ, 4 ಒತ್ತಿ ಸೇಫ್ ಮೋಡ್‌ಗೆ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಇರುವ ಸ್ಥಿತಿಗೆ) ಹೋಗಿ. ಸೇಫ್ ಮೋಡ್ ತೆರೆದರೆ ವಿಂಡೋಸ್‌ನ ತಳಹದಿ ಗಟ್ಟಿಯಾಗಿದೆ, ತಕರಾರು ಯಾವುದೋ ಡ್ರೈವರ್‌ನದ್ದು ಅಥವಾ ಹೊರಗಿನ ತಂತ್ರಾಂಶದ್ದು ಎಂದು ತಿಳಿಯಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದು ನಿಂತಾಗ ಹೇಳಲಾದ ಪರಿಹಾರವೂ ಇದೇ ಆಗಿತ್ತು: ಸೇಫ್ ಮೋಡ್‌ಗೆ ಹೋಗಿ ದೋಷವಿದ್ದ ಆ ಒಂದು ಫೈಲನ್ನು ಅಳಿಸುವುದು. ನೀವೂ ಸೇಫ್ ಮೋಡ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಹೊಸ ಡ್ರೈವರನ್ನು ಹಿಂದಿನದಕ್ಕೆ ಮರಳಿಸಿ. ರಿಸ್ಟೋರ್ ಪಾಯಿಂಟ್ (ವಿಂಡೋಸ್ ಮೊದಲೇ ಉಳಿಸಿಟ್ಟ ಸಿಸ್ಟಂನ ಸ್ಥಿತಿ) ಇದ್ದರೆ 'ಸಿಸ್ಟಂ ರಿಸ್ಟೋರ್' ಕೂಡ ನಿಮ್ಮ ದಾಖಲೆಗಳನ್ನು ಮುಟ್ಟದೆ ಹಿಂದಿನ ಸ್ಥಿತಿಗೆ ತರಬಲ್ಲದು.

ರಿಕವರಿ ಪರದೆಯೇ ಬಾರದಿದ್ದರೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲೇಷನ್ ಫೈಲ್‌ಗಳನ್ನು ಹಾಕಿಕೊಂಡು, ಕೆಟ್ಟ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ (ಆರಂಭಿಸಿ). ಅಲ್ಲಿ 'ಇನ್‌ಸ್ಟಾಲ್' ಒತ್ತದೆ 'ರಿಪೇರ್' ಆಯ್ಕೆಯನ್ನೇ ಹಿಡಿಯಬೇಕು.

ರೀಸೆಟ್ ಅನಿವಾರ್ಯವಾದರೆ ಅದಕ್ಕೂ ಮುಂಚೆ ಫೈಲ್‌ಗಳನ್ನು ಹೊರತೆಗೆಯಿರಿ. ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) 'ನೋಟ್‌ಪ್ಯಾಡ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಅದರ ಫೈಲ್ ಮೆನುವಿನಲ್ಲಿ 'ಓಪನ್' ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಡಿಸ್ಕ್‌ನಲ್ಲಿರುವ ಫೋಲ್ಡರ್‌ಗಳು ಕಾಣುತ್ತವೆ. ಅಲ್ಲಿಂದಲೇ ಬಲಕ್ಲಿಕ್ಕಿಸಿ ಕಾಪಿ ಮಾಡಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಪೇಸ್ಟ್ ಮಾಡಬಹುದು. ಡ್ರೈವ್‌ನ ಅಕ್ಷರ ಮಾತ್ರ ಎಂದಿನಂತಿರದೆ ಬದಲಾಗಿರಬಹುದು. ಆಮೇಲೆ ರೀಸೆಟ್‌ನಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿ. ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಅವನ್ನು ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬೇಕಾಗುತ್ತದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ಸ್ ಪರದೆಯಲ್ಲಿ) ಡಿಸ್ಕ್‌ನ ಹೆಸರೇ ಕಾಣದಿದ್ದರೆ ಅಥವಾ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ರೀಸೆಟ್‌ಗೂ ಕೈಹಾಕದೆ ಕಂಪ್ಯೂಟರ್ ಆಫ್ ಮಾಡಿ, ಡೇಟಾ ರಿಕವರಿ ತಿಳಿದವರಿಗೆ ಒಪ್ಪಿಸಿ.